ಮನ್ಯಾಗ ಯಾರಿರ್ತಾರ?

ನಮ್ಮ ಪ್ರಾಜೆಕ್ಟ್ ಗೈಡ್ ಮೇಡಂ ಲ್ಯಾಬಿನ ಹೊಸ್ತಿಲಲ್ಲಿ ನಿಲ್ಲುತ್ತಿದ್ದ ಬಗೆಯೇ ಬೇರೆ: ಒಂದು ಕಾಲು ಒಳಗೆ ನೆಲದ ಮೇಲೆ, ಇನ್ನೊಂದು ಹೊರಗೆ ಬಿಟ್ಟ ಚಪ್ಪಲಿಯಲ್ಲಿ. ಮಾತು ಮುಗಿಯುತ್ತಲೇ ಮನೆಗೆ ಓಡಬೇಕು. ಅಲ್ಲಿ ಲಕ್ವ ಹೊಡೆದ ಗಂಡ ಹಾಸಿಗೆ ಹಿಡಿದಿದ್ದರು. ನೀರು ಕುಡಿಸಲೂ ಇವರೇ ಬೇಕು.

ಇಂಥವರು ನಮಗೆ ಕೊಟ್ಟ ವಿಷಯವಾದರೂ ಏನು? ಕ್ಯಾಂಪಿಂಗ್ ಪ್ರವಾಸ ಯೋಜಿಸುವ ವೆಬ್ ಆ್ಯಪ್! ನಾವು ನಾಲ್ವರು ಹುರುಪಿನಿಂದ ನಕ್ಷೆ, ಹವಾಮಾನ, ಟೆಂಟು, ಅಡುಗೆ ಸಾಮಾನು ಎಲ್ಲ ಜೋಡಿಸಿ ತೋರಿಸಿದೆವು.

"ಎಲ್ಲಾ ಖರೆ. ಮೊದಲನೇ ಪ್ರಶ್ನಿನ ಇಲ್ಲಲ್ಲ? ನೀವು ಹೋದಮ್ಯಾಲೆ ಮನ್ಯಾಗ ಯಾರಿರ್ತಾರ?" ಅಂದರು ಮೇಡಂ.

ತಂಡದಲ್ಲಿದ್ದ ಬೆಳ್ಳಟ್ಟಿ ಊರಿನ ಹುಡುಗ ತಲೆ ಕೆರೆದುಕೊಂಡ. "ಇದು ಟ್ರಿಪ್ ಆ್ಯಪ್ ರೀ ಮೇಡಂ, ಜನಗಣತಿ ಅಲ್ರಿ."

"ಇರ್ಲಿ, ಹಾಕ್ರಿ. ಹೆಸರು ತುಂಬೂತನಕ ಮುಂದಿನ ಪೇಜ್ ತೆರೀಬಾರದು."

ಉಳಿದ ಮೂವರಿಗೆ ಅದು ಕಿರಿಕಿರಿ. ನನಗೆ ಮಾತ್ರ ಅಲ್ಲಿ ತುಂಬಲು ಹೆಸರೇ ಇರಲಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವ ಮಗ್ಗ ಬಿಟ್ಟು ಏಳುವಂತಿರಲಿಲ್ಲ. ಅರಳುಮರಳಾದ ಅಜ್ಜಿ ಕಣ್ಣು ತಪ್ಪಿಸಿ ಬೀದಿಗೆ ನಡೆದುಬಿಡುತ್ತಿದ್ದಳು. ಕಾಲೇಜಿಲ್ಲದ ಹೊತ್ತೆಲ್ಲ ಅವಳ ಕಾವಲು ನನ್ನದು. ಮಗ್ಗದ ಸದ್ದು ಕೇಳುತ್ತ, ಅಜ್ಜಿಯ ಸೆರಗು ಹಿಡಿದು ಕುಳಿತರೆ ಉಸಿರು ಕಟ್ಟುತ್ತಿತ್ತು.

ಆ್ಯಪ್ ಪರೀಕ್ಷಿಸಲು ಭಾನುವಾರ ಕಪ್ಪತಗುಡ್ಡಕ್ಕೆ ಹೋಗುವುದೆಂದಾಯಿತು. ರಾತ್ರಿ ತಂಗಲು ಯಾರ ಮನೆಯಲ್ಲೂ ಒಪ್ಪರು, ಹಗಲೇ ಟೆಂಟು ಹಾಕುವುದು! ಮೇಡಂ ಕೂಡ ಬರುವವರಿದ್ದರು. ಗಂಡನನ್ನು ನೋಡಿಕೊಳ್ಳಲು ಮುಳಗುಂದದ ತಂಗಿ ಅದೊಂದು ದಿನ ಬರಲು ಒಪ್ಪಿದ್ದರು. ಮೇಡಂ ಹಿಗ್ಗಿ ಹೊಸ ಕ್ಯಾನ್ವಾಸ್ ಬೂಟು ಕೊಂಡಿದ್ದರು.

ಹಿಂದಿನ ದಿನ ಆ್ಯಪಿನಲ್ಲಿ ನನ್ನ ಹೆಸರಿನ ಮುಂದೆ, ಮನೆಯಲ್ಲಿರುವವರ ಜಾಗ ಖಾಲಿಯಿತ್ತು. ಆ್ಯಪ್ ಅಲ್ಲೇ ನಿಂತಿತು. "ನಾ ಬರೂದಿಲ್ರಿ. ನನ್ನ ಹೆಸರು ತಗದಬಿಡ್ರಿ" ಎಂದು ಸಿಡುಕಿದೆ. ಮೇಡಂ ಕೀಬೋರ್ಡ್ ಎಳೆದುಕೊಂಡು ಅಲ್ಲಿ ತಮ್ಮ ಹೆಸರು ಹೊಡೆದರು.

"ನಿಮಗ ಸಿಕ್ಕಿದ್ದ ಒಂದ ದಿನ ಐತಲ್ರಿ!"

"ಸಿಕ್ಕೈತಿ, ಅದಕ್ಕ ಕೊಡಾಕ ಬರ್ತೈತಿ. ನೀ ಹೋಗಿ ಬಾರವಾ."

ನಾನು ಗುಡ್ಡ ಸುತ್ತಿ ಬಂದಾಗ ಮೇಡಂ ನಮ್ಮ ಕಟ್ಟೆಯ ಮೇಲೆ ಅಜ್ಜಿಗೆ ಜಡೆ ಹಾಕುತ್ತಿದ್ದರು. "ಮ್ಯಾಲೆ ಗಾಳಿ ಹ್ಯಾಂಗಿತ್ತು?" ಎಂದಷ್ಟೇ ಕೇಳಿ ಮನೆಗೆ ಓಡಿದರು.

ಎಷ್ಟೋ ವರ್ಷಗಳ ಮೇಲೆ ಅವರ ಗಂಡ ತೀರಿಕೊಂಡರು. ಕೆಲವು ತಿಂಗಳು ಕಳೆದು, ಮೇಡಂ ಅವರನ್ನು ಗುಡ್ಡಕ್ಕೆ ಕರೆದೊಯ್ಯಲು ನಾವು ನಾಲ್ವರೂ ಜೀಪು ಮಾಡಿಕೊಂಡು ಹೋದೆವು. ಪೆಟ್ಟಿಗೆಯಲ್ಲೇ ಉಳಿದಿದ್ದ ಬೂಟನ್ನು ಹೊರತೆಗೆದರು. ಬಾಗಿಲಲ್ಲಿ ಒಂದು ಕಾಲಿಗೆ ಹಾಕಿಕೊಂಡವರು ಹಾಗೇ ನಿಂತುಬಿಟ್ಟರು. ಇನ್ನೊಂದು ಕಾಲು ಹೊಸ್ತಿಲೊಳಗೇ ಇತ್ತು.

"ಮನ್ಯಾಗ ಯಾರಿರ್ತಾರವಾ?"

ನೋಡಿಕೊಳ್ಳಬೇಕಾದವರೇ ಈಗ ಇರಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. "ನಾ ಇರ್ತೀನ್ರಿ. ನೀವು ಹೋಗಿ ಬರ್ರಿ."

ಸಂಜೆಯವರೆಗೆ ಆ ಖಾಲಿ ಮಂಚದ ಪಕ್ಕದಲ್ಲಿ ಕುಳಿತಿದ್ದೆ. ಬೂಟಿಗೆಲ್ಲ ಕೆಂಪು ಮಣ್ಣು ಮಾಡಿಕೊಂಡು ಬಂದ ಮೇಡಂ, "ಗಾಳಿ ಭಾಳ ಐತವಾ ಅಲ್ಲೆ" ಅಂದರು. ನಾನು ಅತ್ತುಬಿಟ್ಟೆ. ಅವರು ಅಂದು ನನಗೆ ಕೊಟ್ಟದ್ದು ತಮಗೆ ಸಿಕ್ಕಿದ್ದ ಒಂದೇ ಒಂದು ದಿನ. ನಾನು ಕಾಯ್ದದ್ದು ಬರೀ ಮಂಚ.