ಹನ್ನೆರಡು ಮಾರು ಹಗ್ಗ

ಗಡಿಯಾಚೆ, ನಾರ್ವ ಪಟ್ಟಣದ ದಾರಿಯಲ್ಲಿನ ಒಂದು ಊರಿಗೆ ನಾನು ಹೋದದ್ದು ಒಂದು ಸಣ್ಣ ವರದಿಗಾಗಿ. ಊರಿನ ನೀರು, ಗಿಡ, ಕಸದ ವ್ಯವಸ್ಥೆ ಮುಂದೆಯೂ ಬಾಳುವಂತಿದೆಯೇ ಎಂದು ಪಂಚಾಯಿತಿಯವರು ವರ್ಷಕ್ಕೊಮ್ಮೆ ಅಳೆದು ಫಾರಂ ತುಂಬಬೇಕು. ಹೆಚ್ಚಿನ ಕಡೆ ಕುರ್ಚಿಯಲ್ಲಿ ಕುಳಿತೇ ತುಂಬುತ್ತಾರೆ. ಇಲ್ಲಿ ಬಾವಿಗೆ ಹಗ್ಗ ಬಿಟ್ಟು ಅಳೆಯುತ್ತಾರೆಂದು ಕೇಳಿದ್ದೆ.

ಅಂದಿನ ಅಳತೆಯ ಮೇಲೆ ಪಂಚಾಯಿತಿಯ ಮುಖ್ಯಸ್ಥೆ ಸರ್ಪಂಚರ ಮಾತು ನಿಂತಿತ್ತು. ಒಂದು ವರ್ಷ ಯಾರೂ ಹೊಸ ಬೋರ್ ಹಾಕಬಾರದು, ಎಲ್ಲರೂ ಹೊಲದಲ್ಲಿ ಇಂಗುಗುಂಡಿ ತೋಡಬೇಕು ಎಂದು ಆಕೆ ಊರನ್ನು ಒಪ್ಪಿಸಿದ್ದರು. ಯುಗಾದಿ ಕಳೆದ ಮೇಲೆ ಬೀರಪ್ಪನ ಗುಡಿ ಬಾವಿಯಲ್ಲಿ ನೀರು ಹಿಂದಿನ ವರ್ಷಕ್ಕಿಂತ ಏರದಿದ್ದರೆ ಯಾರು ಬೇಕಾದರೂ ಬೋರ್ ಹಾಕಲಿ ಎಂದೂ ಹೇಳಿದ್ದರು. ಒಬ್ಬ ರೈತನಂತೂ ಬೋರ್ ಲಾರಿಯನ್ನೇ ತರಿಸಿ ಊರ ಮುಂದೆ ನಿಲ್ಲಿಸಿದ್ದ.

ಗದ್ವಾಲದಿಂದ ಹೊಸದಾಗಿ ಬಂದಿದ್ದ ಪಂಚಾಯಿತಿ ಸೆಕ್ರೆಟರಿ, ಒಬ್ಬ ಯುವತಿ, ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟರು. ಕಲ್ಲು ನೀರು ಮುಟ್ಟಿದ ಸದ್ದಾದೊಡನೆ ದಂಡೆಯ ಮಟ್ಟಕ್ಕೆ ಗಂಟು ಹಾಕಿದರು. ಹಗ್ಗ ಮೇಲೆಳೆದು, ಎರಡೂ ಕೈ ಚಾಚಿ ಮಾರು ಮಾರಾಗಿ ಅಳೆದರು. ಹನ್ನೆರಡು ಮಾರು. ಹಿಂದಿನ ವರ್ಷದ ಪುಸ್ತಕದಲ್ಲಿ ಹನ್ನೊಂದು ಎಂದಿತ್ತು.

“ಮುಗೀತಲ್ಲ ಅಕ್ಕಾ,” ಎಂದ ರೈತ, ಸರ್ಪಂಚರ ಕಡೆ ತಿರುಗಿ. “ನೀರು ಇನ್ನಾ ಕೆಳಗ ಹೋಗೇತಿ. ಲಾರಿ ಕರೀಲೇನು?”

ನೀರಿಗೆ ಬಂದಿದ್ದ ಮುದುಕಿಯೊಬ್ಬಳು ಕೊಡ ಕೆಳಗಿಟ್ಟು ನಕ್ಕುಬಿಟ್ಟಳು.

“ಹೋದ ವರ್ಷ ಅಳೆದಾಂವ ನನ್ನ ಗಂಡ ರೀ. ಅಂವ ಕೈ ಚಾಚಿದ್ರ ಹಟ್ಟಿ ಬಾಗಿಲಾ ಬಂದ್ ಆಗತೈತಿ. ಈ ಮೇಡಂ ಕೈಯಾಗ ನನ್ನ ಸೆರಗೂ ಅಳ್ಯಾಕ ಆಗಂಗಿಲ್ಲ!”

ಸೆಕ್ರೆಟರಿ ತಮ್ಮ ಕೈ ನೋಡಿಕೊಂಡರು. “ನಿಮ್ಮ ಯಜಮಾನ್ರು ಎಲ್ಲಿದಾರ ಅವ್ವಾ?”

“ಕುರಿ ಹಿಂದ. ಹಳ್ಳದ ಆಚಿ.”

ಸೆಕ್ರೆಟರಿ ಸ್ಕೂಟಿ ಹತ್ತಿ ಹೊರಟೇಬಿಟ್ಟರು. ಯಾರೂ ಗಂಟು ಸರಿಸಬಾರದೆಂದು ರೈತ ಹಗ್ಗದ ಸುರುಳಿಯ ಮೇಲೆಯೇ ಕುಳಿತ. ಅಷ್ಟರಲ್ಲಿ ಅರ್ಧ ಊರು ಬಾವಿಯ ಸುತ್ತ ಸೇರಿತ್ತು. ಲಾರಿ ಡ್ರೈವರನೂ ಬಂದ. ಸ್ಕೂಟಿ ತಿರುಗಿ ಬಂದಾಗ ಹಿಂದೆ ಕಂಬಳಿ ಹೊದ್ದ ಕುರಿಗಾರ ತಾತ, ಮೊಣಕಾಲು ಎರಡೂ ಕಡೆ ಚಾಚಿಕೊಂಡು ಕುಳಿತಿದ್ದ. ಹೆಂಗಸರು ಸೀಟಿ ಹೊಡೆಯುವುದೊಂದು ಬಾಕಿ.

“ಏಳೋ ಮಗಾ, ಮೊಟ್ಟೀಗೆ ಕುಂತ ಕೋಳಿ ಆಗಿಯೇನು?” ಎಂದ ತಾತ. “ನೀನ ಎಣಸು. ನನಗ ಕುರಿ ಎಣಿಸೇ ಸಾಕಾಗೇತಿ.”

ತಾತ ಹಗ್ಗ ಹಿಡಿದು ಕೈ ಚಾಚಿದ; ರೈತ ಗಟ್ಟಿಯಾಗಿ ಎಣಿಸಿದ. ಎಂಟಕ್ಕೆ ಅವನ ದನಿ ಇಳಿಯಿತು. ಒಂಬತ್ತಕ್ಕೆ ಜನರೂ ಜೊತೆಗೂಡಿದರು. ಹತ್ತು ಎನ್ನುವಷ್ಟರಲ್ಲಿ ಗಂಟು ತಾತನ ಬೆರಳಿಗೆ ಬಂದಿತ್ತು. ಅದೇ ಹಗ್ಗ, ಅದೇ ಗಂಟು; ಸೆಕ್ರೆಟರಿಯ ಹನ್ನೆರಡು ತಾತನ ಕೈಯಲ್ಲಿ ಹತ್ತಾಗಿತ್ತು, ಹೋದ ವರ್ಷ ಅದೇ ಕೈಗೆ ಹನ್ನೊಂದಿತ್ತು. ನೀರು ಒಂದು ಮಾರು ಮೇಲೆ ಬಂದಿತ್ತು! ಎದ್ದ ಕೂಗಿಗೆ ಗುಡಿಯ ಪಾರಿವಾಳಗಳೆಲ್ಲ ಹಾರಿದವು. ಆ ನೂಕುನುಗ್ಗಲಲ್ಲಿ ಬರೆದ ನನ್ನ ಪುಸ್ತಕದ ಆ ಪುಟದ ಅಕ್ಷರ ಇಂದಿಗೂ ನನಗೇ ಸರಿಯಾಗಿ ಓದಲು ಬರುವುದಿಲ್ಲ.

ಹಿಂದಿನ ಮಳೆ ಚೆನ್ನಾಗಿತ್ತು, ಅದೂ ಕಾರಣವಿರಬಹುದು. ಇದು ಒಂದೇ ಬಾವಿಯ ಲೆಕ್ಕ. ವರದಿಯಲ್ಲಿ ಎರಡನ್ನೂ ಬರೆದೆ. ಸೆಕ್ರೆಟರಿ ಟೇಪು ತರಿಸಿ ಹಗ್ಗವನ್ನೂ ತಾತನ ಮಾರನ್ನೂ ಅಳೆದು, ಮೀಟರಿನಲ್ಲಿ ಫಾರಂ ತುಂಬಿದರು.

ರೈತ ಡ್ರೈವರನ ಹತ್ತಿರ ಹೋದ. “ಐಜ ಊರ ಕಡೆ ಹೋಗಪಾ. ಈ ವರ್ಷ ಇಲ್ಲಿ ಕೆಲಸಿಲ್ಲ.”

“ಒಂದು ಚಾ ಆದ್ರೂ ಕುಡಸ್ರೀ,” ಎಂದ ಡ್ರೈವರ.

“ನಮ್ಮ ಮನ್ಯಾಗ ಕುಡೀಬರ್ರಿ,” ಎಂದು ಸರ್ಪಂಚರು ಇಬ್ಬರನ್ನೂ ಕರೆದರು.