ಅತ್ತಿಗೆಯ ಸರ್ವರ್

ಗಂಡ ತೀರಿಕೊಂಡ ಮೇಲೆ ಫೋಟೋ ಸ್ಟುಡಿಯೋ ನಡೆಸಿದ್ದು ಅತ್ತಿಗೆ, ಮೈದುನ ಇಬ್ಬರೂ ಸೇರಿ. ಕ್ಯಾಮರಾ ಅವಳ ಕೈಯಲ್ಲಿ, ಗಿರಾಕಿಗಳ ಜೊತೆ ಮಾತು ಅವನ ಬಾಯಲ್ಲಿ. ಒಂದು ಬೆಳಿಗ್ಗೆ ಅವಳು ಹೋಗಿ ಕಂಪ್ಯೂಟರ್ ಮುಂದೆ ಕೂತರೆ ಪಾಸ್‌ವರ್ಡ್ ಬದಲಾಗಿತ್ತು.

"ಇನ್ನು ಮನೇಲಿ ಆರಾಮಾಗಿರಿ ಅತ್ತಿಗೆ," ಎಂದ ಮೈದುನ, ಫೋನಿನಿಂದ ತಲೆ ಎತ್ತದೆ.

ಅವಳು ಜಗಳ ಆಡಲಿಲ್ಲ. ಮನೆಗೆ ಬಂದು ಮಂಚದ ಕೆಳಗಿನ ಪೆಟ್ಟಿಗೆ ಎಳೆದಳು. ತೆಗೆದ ಪ್ರತಿ ಫೋಟೋದ ಒಂದು ಕಾಪಿ ಮನೆಗೆ ತರುವುದು ಅವಳ ಅಭ್ಯಾಸ. ಪೆಟ್ಟಿಗೆ ತುಂಬ ಹಳೇ ಡಿಸ್ಕುಗಳು. ಕೆಲವು ಕಂಪ್ಯೂಟರಿಗೆ ಹಚ್ಚಿದರೆ ಕೆಡುವ ಹಾಗೆ ಆಗಲೇ ಕಟಕಟ ಅನ್ನುತ್ತಿದ್ದವು. ಎಲ್ಲವನ್ನೂ ಒಂದೇ ಕಡೆ ಭದ್ರವಾಗಿಡಲು ಮನೆಯಲ್ಲೇ ಒಂದು ಸರ್ವರ್ ಕೂರಿಸಬೇಕೆಂದು ಹಲ್ಲು ಕಚ್ಚಿ ನಿರ್ಧರಿಸಿದಳು.

ಕಂಪ್ಯೂಟರ್ ಅಂಗಡಿಯವನು ಬಣ್ಣದ ದೀಪ ಮಿಣುಗುವ ಡಬ್ಬ ತೋರಿಸಿದ.

"ದೀಪಾಲಂಕಾರ ಬೇಡಪ್ಪ. ಯಾವುದಾದರೂ ಆಫೀಸಿಂದ ಬಂದ ಹಳೇ ಮಷೀನ್ ಕೊಡು. ಹಗಲೂ ರಾತ್ರಿ ಓಡಬೇಕು, ಕರೆಂಟು ಕಮ್ಮಿ ತಿನ್ನಬೇಕು, ಫ್ಯಾನು ಗೊರಕೆ ಹೊಡೀಬಾರದು. ಯುಪಿಎಸ್ ಇರಲಿ. ಡಿಸ್ಕು ಎರಡು, ಬೇರೆ ಬೇರೆ ಕಂಪನಿಯವು. ಒಂದರಲ್ಲಿದ್ದ ಫೋಟೋ ಇನ್ನೊಂದರಲ್ಲೂ ಇರಬೇಕು."

"ಎರಡರಲ್ಲೂ ಅದೇ ಫೋಟೋನಾ ಮೇಡಂ? ದಂಡ ಅಲ್ವಾ?"

"ಒಬ್ಬನ್ನೇ ನಂಬಿ ಕೆಟ್ಟಿದ್ದು ಸಾಕು."

ಮೂರನೆಯ ಡಿಸ್ಕಿಗೂ ಎಲ್ಲವನ್ನೂ ತುಂಬಿ ತಂಗಿಯ ಮನೆಯಲ್ಲಿಟ್ಟಳು. ಆಮೇಲೆ ಕಾದಳು.

ಸ್ಟುಡಿಯೋದಲ್ಲಿದ್ದದ್ದು ಒಂದೇ ಡಿಸ್ಕು. ಇನ್ನೊಂದು ಹಾಕಿಸು ಎಂದು ಅವಳು ಬಡಕೊಂಡಿದ್ದರೂ ಮೈದುನ ಕಿವಿಗೆ ಹಾಕಿಕೊಂಡಿರಲಿಲ್ಲ. ಕರೆಂಟು ಹೋಗಿ ಬಂದದ್ದೇ ನೆಪ, ಅದು ಕಣ್ಣು ಮುಚ್ಚಿತು. ಮದುವೆ ಆಲ್ಬಂ ಎಲ್ಲಿ ಎಂದು ಗಿರಾಕಿಗಳು ಅವನ ಪ್ರಾಣ ತಿನ್ನತೊಡಗಿದರು.

ಅವನು ಬಾಗಿಲಲ್ಲಿ ನಿಂತಾಗ ಅವಳಿಗೆ ಒಳಗೊಳಗೇ ತಂಪಾಯಿತು.

"ನಿಮ್ಮ ಹತ್ರ ಕಾಪಿ ಇದೆಯಂತಲ್ಲ ಅತ್ತಿಗೆ..."

"ಇದೆ. ಯಾರದ್ದೋ ಅವರಿಗೆ ಕೊಡ್ತೀನಿ, ನಿನಗಲ್ಲ. ಕೂತ್ಕೋ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳು: ಫೋಟೋ ತೆಗೆದದ್ದು ನಮ್ಮತ್ತಿಗೆ, ಅವರನ್ನ ಹೊರಗೆ ಹಾಕಿದ್ದು ನಾನು, ಫೋಟೋ ಈಗ ಅವರ ಮನೇಲೇ ಸಿಗುತ್ತೆ ಅಂತ. ಸ್ಪೀಕರ್ ಹಾಕು."

ಅವನ ಮುಖ ಕೆಂಪಾಯಿತು. ಆದರೆ ಬೇರೆ ದಾರಿಯಿರಲಿಲ್ಲ, ಫೋನ್ ಹಚ್ಚಿದ. ಪ್ರತಿ ಕರೆಗೂ ಅವನ ದನಿ ಇಳಿಯುತ್ತಾ ಹೋಯಿತು. ಅವಳು ಎದುರಿಗೆ ಕೂತು, ಒಂದು ಮಾತೂ ಬಿಡದೆ, ಕಾಫಿ ಗುಟುಕರಿಸುತ್ತಾ ಕೇಳಿದಳು. ಕಾಫಿ ಅಷ್ಟು ರುಚಿಯಾಗಿ ಎಂದೂ ಇರಲಿಲ್ಲ.

"ಎಲ್ಲರಿಗೂ ಹೇಳಾಯ್ತು," ಎಂದ ಅವನು, ಬೆವರು ಒರೆಸಿಕೊಂಡು. "ಈಗಲಾದ್ರೂ ಸಮಾಧಾನ ಆಯ್ತಾ?"

"ಇಲ್ಲ. 'ತಾನಾಗೇ ಬಿಟ್ಟು ಹೋದಳು' ಅಂತ ನಿಮ್ಮಮ್ಮನ ಹತ್ರ ಹೇಳಿದ್ದೀಯಲ್ಲ, ಅವರಿಗೂ ಹಚ್ಚು."