ಗೇಟಿನಣ್ಣನ ಬೆಂಚು

ಮಗಳ ಲ್ಯಾಪ್‌ಟಾಪಿನಲ್ಲಿ ಶಾಲೆಯ ಅಭ್ಯಾಸ ತೆರೆದಿತ್ತು. ವಯಸ್ಸು ಕೊಟ್ಟರೆ ಟಿಕೆಟ್ ಸಿಗುತ್ತದೋ ಇಲ್ಲವೋ ಹೇಳುವ ಒಂದು ಸಣ್ಣ ಫಂಕ್ಷನ್. 'ಇದ್ದರೆ' ಎಂಬಲ್ಲಿ ಉದ್ದಕ್ಕೆ ಬರೆದಿದ್ದಳು. 'ಇಲ್ಲದಿದ್ದರೆ' ಎಂಬಲ್ಲಿ ಒಂದೇ ಪದ: 'ನೋ'. ಕಂಡದ್ದೇ ನಾನೇ ಬರೆದ ಹಳೆಯ 'ನೋ' ಒಂದು ನೆನಪಾಯಿತು...

ವರ್ಷಗಳ ಹಿಂದೆ ನಾನು ಕೊಲ್ಲಿ ದೇಶದಲ್ಲಿ, ಮೀನಾ ಅಬ್ದುಲ್ಲಾದ ಗುತ್ತಿಗೆ ಕಂಪನಿಯೊಂದರ ಯಾರ್ಡಿನಲ್ಲಿ ಟೈಮ್‌ಕೀಪರ್. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಅಮ್ಮ ಬೀಡಿ ಕಟ್ಟಿ ಓದಿಸಿದ ಡಿಗ್ರಿ. ಪ್ರೋಗ್ರಾಮಿಂಗ್ ಸ್ವಂತ ಕಲಿಯುತ್ತಿದ್ದೆ. ಅಭ್ಯಾಸಕ್ಕೆ ವಿಷಯ ಕೊಟ್ಟವರು ಯಾರ್ಡಿನ ಗೇಟು ಕಾಯುತ್ತಿದ್ದ ಗೇಟಿನಣ್ಣ, ಕಾರ್ಕಳದ ಕಡೆಯವರು.

"ಎಂತ ಮಾರಾಯ, ಡಿಗ್ರಿ ಮಾಡಿದವ ನೀನು. ನಾನು ದಿನಾ ಮಾಡುವ ಕೆಲಸ ಬರೆಯಲಿಕ್ಕೆ ಮೂರು ದಿವಸವಾ?" ಎಂದು ಕಿಚಾಯಿಸುತ್ತಿದ್ದರು.

ಅವರ ಕೆಲಸ ಇಷ್ಟು. ಇಕಾಮಾ, ಅಂದರೆ ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ, ಅದರ ಕಾರ್ಡಿನ ಅವಧಿ ಇದ್ದರೆ ಒಳಗೆ. ಮುಗಿದಿದ್ದರೆ ಆ ಆಳನ್ನು ನೆರಳಿನ ಬೆಂಚಿನಲ್ಲಿ ಕೂರಿಸಿ, ಹಾಜರಿ ಬರೆದು, ಕಂಪನಿಯ ಕಾಗದಪತ್ರ ನೋಡುವವನಿಗೆ ಫೋನ್. ಇಕಾಮಾ ನವೀಕರಿಸಬೇಕಾದದ್ದು ಕಂಪನಿ. ಆಳಿನ ಹಾಜರಿ ಯಾಕೆ ಹೋಗಬೇಕು? ನಾನೂ ಪ್ರೋಗ್ರಾಮನ್ನು ಹಾಗೇ ಬರೆದೆ.

ಮ್ಯಾನೇಜರ್ ನೋಡಿ ಹಿಗ್ಗಿದ. "ಈ ಬೆಂಚ್ ಗಿಂಚ್ ಎಲ್ಲ ತೆಗಿ ಭಾಯಿ. ಯೆಸ್, ಇಲ್ಲಾ ನೋ. ಖಲಾಸ್."

ತೆಗೆದೆ. ಎರಡು ಸಾಲು ಅಳಿಸಿದ್ದಕ್ಕೆ ನನಗೆ ಪಟ್ಟಣದಲ್ಲಿ, ಶರ್ಕ್‌ನ ಮುಖ್ಯ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು. ಗೇಟಿಗೆ ನನ್ನ ಪ್ರೋಗ್ರಾಮ್ ಓಡಿಸುವ ಮೆಷಿನ್ ಬಂತು, ಅಣ್ಣನನ್ನು ಸ್ಟೋರಿಗೆ ಹಾಕಿದರು.

ಮರುವರ್ಷ ಅದೇ ಮೆಷಿನ್ ಅಣ್ಣನ ಕಾರ್ಡಿಗೆ ಕೆಂಪು ದೀಪ ತೋರಿಸಿತು. ಕಂಪನಿ ಅವರ ಇಕಾಮಾ ನವೀಕರಿಸಿರಲಿಲ್ಲ. ಅವರು ದಿನವೂ ಬಂದು ಗೇಟಿನ ಹೊರಗೆ ಬಿಸಿಲಲ್ಲಿ ನಿಂತರು. ಮೆಷಿನ್ ದಿನವೂ ಗೈರುಹಾಜರಿ ಹಾಕಿತು. ಕಡೆಗೆ, ಹೇಳದೆ ಕೇಳದೆ ಕೆಲಸ ಬಿಟ್ಟವನೆಂದು ಹೆಸರು ತೆಗೆದುಹಾಕಿದರು. ಹದಿನೆಂಟು ವರ್ಷ ದುಡಿದವರನ್ನು! ನಾಚಿಕೆಗೆಟ್ಟವರು.

ಫೋನಿನಲ್ಲಿ ಅಣ್ಣ ಬೈಯಲಿಲ್ಲ. "ಆ ಬೆಂಚ್ ಎಲ್ಲಿ ಹಾಕಿದೆ ಮಾರಾಯ?" ಎಂದರು, ಅಷ್ಟೇ.

ಮ್ಯಾನೇಜರನ ಮೇಜು ಗುದ್ದಿ ಕೇಳಬೇಕಿತ್ತು. ನಾನು ಒಂದು ಇಮೇಲ್ ಕಳಿಸಿದೆ... ಉತ್ತರ ಬರಲಿಲ್ಲ. ಇನ್ನೊಂದು ಕಳಿಸಲಿಲ್ಲ. ಕಷ್ಟಪಟ್ಟು ಗಳಿಸಿದ ಕುರ್ಚಿಯಲ್ಲವೇ! ಕಂಪನಿಯವರ ಮೇಲಿನ ಸಿಟ್ಟು ಒಂದು ಪಾಲಾದರೆ ನನ್ನ ಮೇಲಿನದು ಎರಡು ಪಾಲು.

ಅಣ್ಣ ಊರಿಗೆ ಹೋದರು. ಕಳೆದ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು. ಅವರ ನಂಬರನ್ನು ಇನ್ನೂ ಫೋನಿನಿಂದ ತೆಗೆದಿಲ್ಲ.

"ವಾಟ್ ಹ್ಯಾಪನ್ಡ್ ಪಪ್ಪಾ? ಇಟ್ಸ್ ಕರೆಕ್ಟ್. ಸೀ, ಇಟ್ ರನ್ಸ್," ಎಂದಳು ಮಗಳು.

ಹೌದು, ಓಡುತ್ತದೆ. ನನ್ನದೂ ಓಡುತ್ತಿದೆ, ಆ ಗೇಟಿನಲ್ಲಿ, ಇವತ್ತಿಗೂ, ಒಂದೇ ಒಂದು ತಪ್ಪಿಲ್ಲದೆ.